ಗಡ್ಡ ಜಾಸ್ತಿ ಇರುವ ಧಾರಾವಾಹಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಗಿಣಿ,

ಒಂದೇ ಒಂದು ಕೆಲಸಕ್ಕೆ ಇಷ್ಟುದ್ದದ ಕಾಗದ ಬರೆಯುತ್ತಿದ್ದಾಳಲ್ಲ ಅತ್ತಿಗೆ ಎಂದು ನಗಬೇಡ. ಫೋನಿನಲ್ಲಿ ಕೇಳೋಣವೆಂದರೆ ಮಾವ ಪಕ್ಕದಲ್ಲೇ ಇರುತ್ತಾರೆ. ನಿಮ್ಮಪ್ಪನಿಗೆ ಹೋಗಿರುವುದು ಮಾತು, ಕಿವಿಯಲ್ಲ. ಅವರೆದುರಿಗೇ ಅವರ ವಿಷಯ ಆಡಲು ನನಗೆ ಮನಸ್ಸು ಬರುವುದಿಲ್ಲ.

ಕೆಲಸ ಇಷ್ಟೇ: ನೀನು ಕೊರಿಯಾದ ಧಾರಾವಾಹಿಗಳನ್ನು ಅರೆದು ಕುಡಿದವಳು. ರಾಜರ ಕಾಲದ್ದು, ವಯಸ್ಸಾದವರು ಕೂತು ನೋಡುವಂಥದ್ದು, ಇನ್ನು ಯಾವುದನ್ನು ಹಾಕಬಹುದು ಹೇಳು. ನಾವು ಒಂದನ್ನು ಮುಗಿಸುತ್ತ ಬಂದಿದ್ದೇವೆ. ಮುಂದೇನು ಎಂಬ ಚಿಂತೆ ನನ್ನನ್ನು ಹಿಡಿದಿದೆ.

ಇದು ಹೇಗೆ ಹತ್ತಿಕೊಂಡಿತು ಎಂದರೆ, ಪಾರ್ಶ್ವವಾಯು ಬಡಿದ ಮೇಲೆ ಮಾವ ಟೀವಿಯನ್ನೇ ಬಿಟ್ಟುಬಿಟ್ಟಿದ್ದರು. ವಾರ್ತೆ ಹಾಕಿದರೆ ಗೋಡೆಗೆ ಮುಖ ತಿರುಗಿಸುವರು. ರೈಲು ನಿಲ್ದಾಣದಲ್ಲಿ ಮೈಕು ಹಿಡಿದು ಊರಿಗೆಲ್ಲ ದನಿ ಕೇಳಿಸಿದ ಮನುಷ್ಯ. ಬೇರೆಯವರು ಪಟಪಟನೆ ಮಾತಾಡುವುದನ್ನು ನೋಡಲಾಗದೇನೋ ಅನ್ನಿಸಿತು. ಹಾಗಿದ್ದರೆ ಅವರಿಗೂ ನನಗೂ ಇಬ್ಬರಿಗೂ ಬಾರದ ಭಾಷೆಯದ್ದನ್ನೇ ಹಾಕೋಣ ಎಂದುಕೊಂಡೆ. ಅಲ್ಲಿ ನಾವಿಬ್ಬರೂ ಸಮಸಮ.

ಮೊದಲು ಹಾಕಿದ್ದರಲ್ಲಿ ಒಬ್ಬ ಯುವರಾಜ, ಗಂಡುವೇಷದ ಒಬ್ಬ ಹುಡುಗಿ. ಇಬ್ಬರೂ ಛತ್ರಿ ಹಿಡಿದು ಒಬ್ಬರನ್ನೊಬ್ಬರು ನೋಡುತ್ತ ನಿಂತರು, ನಿಂತೇ ಇದ್ದರು. ಮಾವನಿಗೆ ನಿದ್ದೆ ಹತ್ತಿತು. ಆಮೇಲೆ ನಾನು ಜಾಣತನ ಮಾಡಲು ಹೋಗಿ, ‘ದೊಡ್ಡವರು ನೋಡುವಂಥದ್ದು’ ಎಂದು ಹುಡುಕಿದೆ. ಸಿಕ್ಕಿದ್ದು ಬೇರೆಯೇ ಅರ್ಥದ ದೊಡ್ಡವರದ್ದು. ರಿಮೋಟು ಕೈಗೆ ಸಿಗುವಷ್ಟರಲ್ಲಿ ಅರಮನೆಯ ಬಚ್ಚಲುಮನೆಯ ಬಾಗಿಲೇ ತೆರೆದುಕೊಂಡಿತು. ಮಾವ ಮರ್ಯಾದೆಯಾಗಿ ಕಣ್ಣು ಮುಚ್ಚಿಕೊಂಡರು. ನಾನು ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಓಡಿದೆ.

ನಮ್ಮ ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವವಳಿಗೆ ಇದನ್ನು ಹೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಕ್ಕಾ, ಪೋಸ್ಟರ್‌ನಲ್ಲಿ ಹೂವು ಉದುರ್ತಿದ್ರೆ ಮುಟ್ಟಬೇಡಿ. ಗಡ್ಡ ಜಾಸ್ತಿ ಇರೋದು ಹಾಕಿ” ಎಂದಳು. ಅವತ್ತು ಸಂಜೆ ಗಡ್ಡ ನೋಡಿಯೇ ಆರಿಸಿದೆ. ಬೆಳ್ಳಿಗಡ್ಡದ ಮಂತ್ರಿಗಳು ಸಾಲಾಗಿ ಕೂತಿದ್ದರು.

ಕಥೆ ಒಬ್ಬ ಲಿಪಿಕಾರನದ್ದು. ರಾಜ ಆಡಿದ್ದನ್ನೆಲ್ಲ ಮೂಲೆಯಲ್ಲಿ ಕೂತು ಬರೆದಿಡುವುದು ಅವನ ಕೆಲಸ. ಬಾಯಿ ಬಿಡುವಂತಿಲ್ಲ. ಒಂದು ದಿನ ರಾಜ ಸಿಟ್ಟಿನಲ್ಲಿ ಏನೋ ಅಂದುಬಿಡುತ್ತಾನೆ, ಆಮೇಲೆ ಆ ಹಾಳೆ ಹರಿ ಅನ್ನುತ್ತಾನೆ. ಇವನು ಹರಿಯುವುದಿಲ್ಲ. ಅಷ್ಟೇ ಕಥೆ. ಆದರೆ ಮಾವ ನೆಟ್ಟಗೆ ಕೂತರು. ಪರದೆಯ ಕೆಳಗೆ ಬರುವ ಅಕ್ಷರ ಅವರ ಕಣ್ಣಿಗೆ ನಿಲ್ಲುವುದಿಲ್ಲ, ಹಾಗಾಗಿ ನಾನೇ ಓದಿ ನಮ್ಮ ಮಾತಿನಲ್ಲಿ ಹೇಳುತ್ತೇನೆ. ಯಾವ ಮಂತ್ರಿ ಯಾರ ಕಡೆ ಎಂದು ನಾನು ತಪ್ಪಿದರೆ ಬೆರಳೆತ್ತಿ ಬೇಡವೆನ್ನುತ್ತಾರೆ. ಅವರ ಲೆಕ್ಕವೇ ಸರಿಯಿರುತ್ತದೆ ಎನ್ನುವುದು ಬೇರೆ ಮಾತು.

ಆ ಮಂತ್ರಿಗಳಿಗೆ ಒಂದು ಅಭ್ಯಾಸ. ರಾಜ ಸೀನಿದರೂ ನೆಲಕ್ಕೆ ಹಣೆ ಹಚ್ಚಿ ಎಲ್ಲರೂ ಒಟ್ಟಿಗೆ ‘ಚೋನಾ’ ಎನ್ನುತ್ತಾರೆ. ಮಹಾಪ್ರಭು ಎಂದಂತೆ. ಮೊನ್ನೆ ಮಂಗಳವಾರ ಹಿಮದಲ್ಲಿ ಮಂಡಿಯೂರಿ ಅವರೆಲ್ಲ ಲಿಪಿಕಾರನ ಜೀವ ಬೇಡುತ್ತಿದ್ದರು. ನಾನು ಓದುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಪಕ್ಕದಿಂದ “ಚೋ… ನಾ” ಎಂದು ಕೇಳಿಸಿತು. ಟೀವಿಯದ್ದಲ್ಲ ಗಿಣಿ. ಆ ದನಿ ಕೇಳಿ ಎಷ್ಟು ತಿಂಗಳಾಗಿತ್ತೋ. ಒರಟಾಗಿತ್ತು, ಆದರೆ ಅವರದ್ದೇ.

ನಿಮ್ಮಣ್ಣನ ಸಂಗತಿ ನಿನಗೆ ಗೊತ್ತಲ್ಲ. ಅಪ್ಪ ಮಾತಿಗೆ ತಡಕಾಡುವುದನ್ನು ನೋಡಲಾರದೆ, ಊಟ ಮುಗಿದರೆ ಸಾಕು, ಏನಾದರೊಂದು ನೆಪ ಮಾಡಿ ಹೊರಗೆ ಹೋಗಿಬಿಡುತ್ತಿದ್ದರು. ಅವತ್ತು ಒಗೆದ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಬಾಗಿಲಲ್ಲೇ ನಿಂತುಬಿಟ್ಟರು. “ಇನ್ನೊಂದು ಸಲ ಅನ್ನಪ್ಪಾ” ಎಂದರು. ಮಾವ ಅನ್ನಲಿಲ್ಲ. ಇವರು ಹೊರಗೂ ಹೋಗಲಿಲ್ಲ. ಒದ್ದೆ ಬಟ್ಟೆಯ ಸಮೇತ ಕೂತು ಆ ಕಂತು ಮುಗಿಯುವ ತನಕ ನೋಡಿದರು. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದವರು ಮಾವನೆದುರು ಮಂಡಿಯೂರಿ, ಹಣೆ ಬಗ್ಗಿಸಿ, “ಚೋನಾ, ಕಾಫಿ” ಎಂದರು. ಮಾವ ನಕ್ಕರು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಕಾಫಿ ಲುಂಗಿಯ ಮೇಲೆ ಚೆಲ್ಲಿತು. ಅಪ್ಪ ಮಗ ಇಬ್ಬರೂ ಒರೆಸುವ ಗೋಜಿಗೆ ಹೋಗಲಿಲ್ಲ. ಒರೆಸುವವಳು ನಾನಿದ್ದೇನಲ್ಲ.

ಮಾತು ಕಲಿಸಲು ಬರುವ ಮೇಡಂಗೆ ಹೇಳಿದೆ. “ಯಾವ ಭಾಷೆ ಆದ್ರೇನು, ಬಾಯಿ ದಾರಿ ಹಿಡೀಲಿ. ಅರ್ಥ ಹಿಂದೇನೇ ಬರುತ್ತೆ” ಎಂದರು. ಈಗ ದಿನಾ ಸಂಜೆ ಮೂವರೂ ಕೂರುತ್ತೇವೆ. ಮಾವ ಕೆಲವು ಸಲ ಅನ್ನುತ್ತಾರೆ, ಕೆಲವು ಸಲ ತುಟಿ ಮಾತ್ರ ಆಡುತ್ತದೆ. ದೊಡ್ಡ ಪವಾಡವೇನೂ ಆಗಿಲ್ಲ. ಕೈ ಹಾಗೆಯೇ ಇದೆ, ನಡೆಸುವಾಗ ನನ್ನ ಸೊಂಟ ಬಿದ್ದುಹೋಗುತ್ತದೆ, ರಾತ್ರಿ ಎರಡು ಸಲ ಏಳಬೇಕು. ನಿನ್ನಿಂದ ಇದನ್ನು ಮುಚ್ಚಿಡುವುದಿಲ್ಲ.

ಆದ್ದರಿಂದ ಹುಡುಕಿ ಕಳಿಸು ಮಾರಾಯ್ತಿ. ಪ್ರೇಮಿಗಳು ಇರಲಿ, ಆದರೆ ಅತಿಯಾಗಿ ಅಳಬಾರದು. ಕತ್ತಿವರಸೆ ಇದ್ದರೂ ರಕ್ತ ಪರದೆಗೆ ಸಿಡಿಯಬಾರದು. ಆಸ್ಥಾನದ ಒಳಜಗಳ, ಮುದಿ ಮಂತ್ರಿ, ನ್ಯಾಯ ವಿಚಾರಣೆ, ವೈದ್ಯ ಇಂಥದ್ದು ಬೇಕು. ಉದ್ದ ಇದ್ದಷ್ಟೂ ಒಳ್ಳೆಯದು. ನೀನು ಬೇಸತ್ತು ಅರ್ಧಕ್ಕೆ ಬಿಟ್ಟಿದ್ದೂ ನಡೆಯುತ್ತದೆ, ನಮಗೇನೂ ಅವಸರವಿಲ್ಲ.

ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ಅತ್ತಿಗೆ

ತಾ.ಕ.: ಮರೆತಿದ್ದೆ ಎಂದು ಬರೆದರೆ ಸುಳ್ಳಾದೀತು, ಇದನ್ನು ಬರೆಯಲೆಂದೇ ಕೂತಿದ್ದು, ಧೈರ್ಯ ಬರಲು ಇಷ್ಟು ಹಾಳೆ ಬೇಕಾಯಿತು. ನೀನು, ನಿಮ್ಮಣ್ಣ, ನಾನು ಮೂವರೂ ಮಾತಾಡಿಕೊಂಡು ಮಾವನ ಹೆಸರು ಬರೆಸಿದ್ದ ಆರೈಕೆ ಕೇಂದ್ರದಿಂದ ಶುಕ್ರವಾರ ಫೋನ್ ಬಂತು. ಕಿಟಕಿ ಇರುವ ಕೋಣೆಯೊಂದು ಖಾಲಿಯಾಗಿದೆಯಂತೆ. ಮಾವನಿಗೆ ಈ ಸಂಗತಿಯನ್ನು ನಾವ್ಯಾರೂ ಹೇಳಿರಲೇ ಇಲ್ಲವಲ್ಲ. ನಿನ್ನನ್ನೂ ಕೇಳದೆ, ನಿಮ್ಮಣ್ಣನನ್ನೂ ಕೇಳದೆ, ಫೋನನ್ನು ಸ್ಪೀಕರಿಗೆ ಹಾಕಿ ಅವರ ಮುಂದಿಟ್ಟೆ. ಆ ಹೆಂಗಸು ಪಾಪ ಒಳ್ಳೆಯವಳು, ಎಲ್ಲ ನಿಧಾನವಾಗಿ ವಿವರಿಸಿ, “ಏನಂತೀರಿ ಅಪ್ಪಾಜಿ?” ಎಂದಳು. ಮಾವ ಬಹಳ ಹೊತ್ತು ಬಾಯಿ ಆಡಿಸಿದರು. ನಾನು ಸಹಾಯಕ್ಕೆ ಹೋಗದೆ ತುಟಿ ಕಚ್ಚಿಕೊಂಡು ಕೂತೆ. “ಇಲ್ಲೇ” ಎಂದರು. ಅವಳಿಗೆ ಕೇಳಿಸಲಿಲ್ಲ, ಮತ್ತೆ ಕೇಳಿದಳು. “ಇಲ್ಲೇ.” ಕೋಪ ಬಂದರೆ ನನ್ನ ಮೇಲೆ ಬರಲಿ, ಗಿಣಿ. ಫೋನ್ ಇಟ್ಟದ್ದು ಮಾತ್ರ ಅವರೇ.