ಗಾಳಿಯಂತ್ರಕ್ಕೆ ಆಲಿವ್ ಎಣ್ಣೆ

ತಮ್ಮಾ ಲಸಾದ್,

ಕಳ್ಳ ಸಿಕ್ಕಿಬಿದ್ದ, ಅದು ನೀನೇ! ಮಾಳಿಗೆಯ ಮೇಲಿನ, ಗಾಳಿಯ ವೇಗ ಅಳೆಯುವ ಗಾಳಿಯಂತ್ರ ಬಿರುಗಾಳಿಯಲ್ಲೂ ಸೊನ್ನೆ ತೋರಿಸುತ್ತಿದ್ದುದು ನೀನು ಬೇರಿಂಗಿಗೆ ಹಾಕಿದ ಆಲಿವ್ ಎಣ್ಣೆಯಿಂದ. "ಅಜ್ಜಿ ಕಿವಿನೋವಿಗೂ ಇದನ್ನೇ ಬಿಡ್ತಿದ್ರು ಅಕ್ಕಾ" ಅಂದೆಯಲ್ಲ, ಪೆದ್ದಾ, ಮರುಭೂಮಿಯಿಂದ ಹಾರಿಬಂದ ಧೂಳು ಸೇರಿ ಅದು ಅಂಟಾಗಿ ಕೂತಿತ್ತು. ಸೀಮೆಎಣ್ಣೆಯಲ್ಲಿ ತೊಳೆದೆ. ಈಗ ಉಫ್ ಅಂದರೆ ಸಾಕು, ಬಟ್ಟಲುಗಳು ಗಿರ್ರನೆ ತಿರುಗುತ್ತವೆ.

ಆದರೆ ಬೇರಿಂಗ್ ಸವೆದಿದೆ, ನಡುನಡುವೆ ಹಿಡಿದುಕೊಳ್ಳುತ್ತದೆ. ಹೊಸದು ತರಲು ಹಡಗು ಹತ್ತಿ ಸ್ಫಾಕ್ಸ್ ಪಟ್ಟಣಕ್ಕೆ ಹೋಗುತ್ತಿದ್ದೇನೆ. ನಾನು ಬರುವ ತನಕ ಆ ಸೊನ್ನೆ ನಂಬಿ ಕಡಲಿಗಿಳಿಯಬೇಡ. ನಿನ್ನೆ ದೋಣಿ ಮಗುಚಿಯೂ ಜೀವಂತ ಬಂದದ್ದೇ ದೊಡ್ಡದು. ದೋಣಿಯ ಕೀಲಿ ಹುಡುಕಬೇಡ, ನನ್ನ ಚೀಲದಲ್ಲಿದೆ.

ಒಲೆಯ ಮೇಲೆ ಕಡಲೆ ಸಾರಿದೆ. ಎಣ್ಣೆ ಸುರಿಯುವ ಚಟವಿದ್ದರೆ ಅದಕ್ಕೆ ಸುರಿ.

ಮೊಂಜಿಯಾ ಅಕ್ಕ