ಇನ್ನೂರ ಹದಿನೇಳನೆಯ ಕೊಕ್ಕೆ ಖಾಲಿಯಿರಲಿ

ಗಣಿ ಕಂಪನಿಯ ಹ್ಯೂಸ್ಟನ್ ಕಚೇರಿಯ ಪರಂಪರೆ ವಿಭಾಗದ ನಿರ್ದೇಶಕರಿಗೆ,

ಮಾನ್ಯರೇ,

ನಿಮ್ಮ ಕಚೇರಿಯ ನೆಲಮಹಡಿಯಲ್ಲಿ ನಮ್ಮ ಗಣಿಯಿಂದ ತಂದು ಗಾಜಿನ ಹಿಂದೆ ನಿಲ್ಲಿಸಿರುವ ಹಾಜರಿ ಬಿಲ್ಲೆಗಳ ಬೋರ್ಡು ಸುಳ್ಳು ಹೇಳುತ್ತಿದೆ. ಅದರಿಂದ 217ನೇ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ತೆಗೆಯಿರಿ ಎಂದು ಕೇಳುವುದಕ್ಕೆ ಈ ಪತ್ರ. ಇದೇ ಮಾತನ್ನು ಎರಡು ಸಲ ಇ-ಮೇಲ್‌ನಲ್ಲಿ ಬರೆದೆ. ಎರಡು ಸಲವೂ ನಿಮ್ಮ ಕಂಪ್ಯೂಟರು ‘ನಿಮ್ಮ ನೆನಪು ನಮಗೆ ಅಮೂಲ್ಯ’ ಎಂದು ಉತ್ತರಿಸಿತು. ಹಾಗಾಗಿ ಈಗ ಇಲ್ಲಿನ ಕನ್ನಡ ಸಂಘದ ಪತ್ರಿಕೆಯಲ್ಲಿ, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನೀವೂ ಕನ್ನಡಿಗರೇ ಆದ್ದರಿಂದ ಅರ್ಥವಾಗಲಿಲ್ಲ ಎನ್ನುವ ನೆಪ ನಿಮಗಿಲ್ಲ.

ನಾಗಪುರದ ಆಚೆಯ ನೀಮ್‌ಘಾಟ್ ಕಾಲರಿಯ, ಅಂದರೆ ಕಲ್ಲಿದ್ದಲು ಗಣಿಯ, ಹಳಬರೂ ಅವರ ಮಕ್ಕಳೂ ಟೆಕ್ಸಸ್‌ನಲ್ಲಿ ಇಪ್ಪತ್ತೆರಡು ಮನೆಯವರಿದ್ದೇವೆ. ನಮ್ಮನ್ನೆಲ್ಲ ಹುಡುಕಿ ನೀವು ಫಾರಂ ಕಳಿಸಿದಿರಿ. ‘ಕಾಲೊನಿಯ ಸಾಮುದಾಯಿಕ ಜೀವನದ ಒಂದು ಸವಿನೆನಪು, ನೂರೈವತ್ತು ಪದ ಮೀರದಂತೆ, ನಕಾರಾತ್ಮಕ ವಿಷಯಗಳು ಬೇಡ.’ ಎಷ್ಟು ಚೆನ್ನಾದ ಕನ್ನಡ! ಊರನ್ನೇ ಅಗೆದು ಕಲ್ಲಿದ್ದಲು ತೆಗೆದುಕೊಂಡಾಯಿತು. ನಾವಿದ್ದ ಜಾಗದಲ್ಲಿ ಈಗ ಇನ್ನೂರು ಅಡಿ ಆಳದ ನೀರಿನ ಹೊಂಡವಿದೆ. ಉಳಿದಿದ್ದು ನೆನಪೊಂದೇ, ಅದನ್ನೂ ಅಳತೆ ಮಾಡಿ ಕೇಳುತ್ತಿದ್ದೀರಿ.

ಆಗಲಿ, ಸವಿಯೇ ಬೇಕೆಂದರೆ ಕೊಡುತ್ತೇನೆ. ವಿಜಾಪುರ, ಕಲಬುರ್ಗಿ ಕಡೆಯಿಂದ ಗಣಿ ಕೆಲಸಕ್ಕೆ ಹೋದ ನಮ್ಮದು ಕನ್ನಡ ಲೈನು. ಸಾಲಾಗಿ ನಲವತ್ತು ಮನೆ, ನಡುವೆ ಎರಡು ನಲ್ಲಿ. ಕಾಲರಿಯ ಸೈರನ್ ಕೂಗಿದರೆ ನಲವತ್ತು ಮನೆಯಲ್ಲೂ ರೊಟ್ಟಿಯ ಹಂಚು ಒಲೆಗೇರುತ್ತಿತ್ತು. ಗಣಿಯ ಕಡೆಯಿಂದ ಕರಿ ಧೂಳಿನ ಗಾಳಿ ಬೀಸಿದರೆ, ಒಣಹಾಕಿದ ಹಪ್ಪಳ ಯಾರದೇ ಇರಲಿ, ಹತ್ತಿರವಿದ್ದವಳು ಒಳಗೆತ್ತಿಡುತ್ತಿದ್ದಳು. ಬಾಣಂತಿ ಇರುವ ಮನೆಗೆ ಐದು ತಿಂಗಳ ಕಾಲ ಲೈನಿನ ಪ್ರತಿ ಮನೆಯಿಂದ ಸರದಿಯ ಮೇಲೆ ಒಂದು ಬುಟ್ಟಿ ಕಲ್ಲಿದ್ದಲು ಹೋಗುತ್ತಿತ್ತು, ಸ್ನಾನದ ನೀರು ಕಾಯಿಸಲು. ಯಾರೂ ಕೇಳುತ್ತಿರಲಿಲ್ಲ, ಯಾರೂ ತಪ್ಪಿಸುತ್ತಿರಲಿಲ್ಲ. ಇದು ನೂರೈವತ್ತು ಪದದೊಳಗೇ ಇದೆ ಎಂದುಕೊಂಡಿದ್ದೇನೆ.

ಇನ್ನು ಬೋರ್ಡಿನ ವಿಷಯ. ಅದರ ಕೆಳಗೆ ‘ಪ್ರತಿ ಸಂಜೆ ಪ್ರತಿಯೊಂದು ಬಿಲ್ಲೆಯೂ ಮರಳಿ ಬರುತ್ತಿತ್ತು’ ಎಂದು ಬರೆಸಿದ್ದೀರಿ. ಯಾರು ಬರೆದರೋ, ಅವರಿಗೆ ಗಣಿ ಗೊತ್ತಿಲ್ಲದಿದ್ದರೂ ಕಂಪನಿ ಚೆನ್ನಾಗಿ ಗೊತ್ತು. ಕೆಳಗಿಳಿಯುವವನು ತನ್ನ ನಂಬರಿನ ಬಿಲ್ಲೆಯನ್ನು ಕೊಕ್ಕೆಯಿಂದ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು, ಮೇಲೆ ಬಂದು ಮತ್ತೆ ತಗಲಿಸಬೇಕು. ಕೊಕ್ಕೆ ಖಾಲಿಯಿದ್ದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ. ಇದು ನಿಯಮ. ಆದರೆ ಪದ್ಧತಿ ಬೇರೆ ಇತ್ತು. ನಾವು ಜೋಡಿಯಾಗಿ ಕೆಲಸ ಮಾಡುತ್ತಿದ್ದೆವು. ಒಬ್ಬ ಕಡಿಯುವವನು, ಒಬ್ಬ ತುಂಬುವವನು. ಮೊದಲು ಹೊರಟವನು ಇಬ್ಬರ ಬಿಲ್ಲೆಯನ್ನೂ ತಗಲಿಸಿಬಿಡುತ್ತಿದ್ದ, ಜೊತೆಗಾರನಿಗೆ ಸಾಲಿನಲ್ಲಿ ನಿಲ್ಲುವುದು ತಪ್ಪಲಿ ಎಂದು. ನೀವು ಕೇಳಿದ ಸಾಮುದಾಯಿಕ ಜೀವನ ಎಂದರೆ ಇದೇ ಅಲ್ಲವೇ?

ನನ್ನ ಜೋಡಿ ಇರಣ್ಣ. ಅವನದು 217, ನನ್ನದು 218. 1971ರ ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ, ಪಾಳಿ ಮುಗಿದು ಇಬ್ಬರೂ ಇಳಿಜಾರು ಹತ್ತುತ್ತಿದ್ದಾಗ ಅವನು ನಿಂತ. “ಬುತ್ತಿ ಡಬ್ಬಿ ಒಳಗ ಬಿಟ್ಟು ಬಂದೀನಿ. ನೀ ಬಿಲ್ಲಿ ಹಾಕಿರು, ಬೆನ್ನಿಂದ ಬಂದೆ” ಎಂದು ತನ್ನ ಬಿಲ್ಲೆಯನ್ನು ನನ್ನ ಕೈಗಿಟ್ಟು ತಿರುಗಿ ಇಳಿದ. ನಾನು ಎರಡನ್ನೂ ತಗಲಿಸಿ ಮೈ ತೊಳೆಯಲು ಹೋದೆ. ತಲೆಗೆ ಸೋಪು ಹಚ್ಚಿದ್ದಾಗ ಸೈರನ್ ಕೂಗಿತು. ಒಳಗೆ ಬೆಂಕಿ ಬಿದ್ದಿತ್ತು.

ಓಡಿ ಹೋಗಿ ನೋಡಿದರೆ ಬೆಂಕಿಗೆ ಗಾಳಿ ಸಿಗದ ಹಾಗೆ ನಮ್ಮ ಸುರಂಗದ ಬಾಯಿಗೆ ಇಟ್ಟಿಗೆ ಗೋಡೆ ಕಟ್ಟುತ್ತಿದ್ದರು. ಗೋಡೆ ಸೊಂಟದೆತ್ತರಕ್ಕೆ ಬಂದಿತ್ತು. ಇರಣ್ಣ ಒಳಗಿದ್ದಾನೆ ಎಂದು ಮ್ಯಾನೇಜರ ಕಾಲಿಗೆ ಬಿದ್ದೆ. ಅವರು ಕೂಗಾಡಲಿಲ್ಲ. ನನ್ನ ತೋಳು ಹಿಡಿದು ಬೋರ್ಡಿನ ಮುಂದೆ ನಿಲ್ಲಿಸಿ ಕೇಳಿದರು. “217 ಇಲ್ಲೇ ಇದೆಯಲ್ಲ. ಬೇರೆಯವರ ಬಿಲ್ಲೆ ಹಾಕಿದವನಿಗೆ ಜೈಲು, ಗೊತ್ತು ತಾನೇ? ಈಗ ಯೋಚನೆ ಮಾಡಿ ಹೇಳು. ಇದನ್ನು ಹಾಕಿದ್ದು ಯಾರು?”

ನಾನು “ಅವನ ಹಾಕ್ಯಾನ್ರಿ ಸಾಹೇಬ್ರ” ಅಂದೆ.

“ಹಾಗಾದರೆ ಅವನು ಒಳಗಿಲ್ಲ” ಎಂದು ಅವರು ಮೇಸ್ತ್ರಿಗೆ ಕೈ ಮಾಡಿದರು. ಗೋಡೆ ಪೂರ್ತಿಯಾಯಿತು. ಜೋಡಿಯ ಪದ್ಧತಿ ಮ್ಯಾನೇಜರಿಗೆ ಗೊತ್ತಿರಲಿಲ್ಲವೇ? ಮೇಸ್ತ್ರಿಗೆ ಗೊತ್ತಿರಲಿಲ್ಲವೇ? ನೀಮ್‌ಘಾಟ್‌ನಲ್ಲಿ ಅದು ಗೊತ್ತಿಲ್ಲದ ನಾಯಿಯೂ ಇರಲಿಲ್ಲ. ಅವರಿಗೆ ಬೆಂಕಿ ಆರಬೇಕಿತ್ತು, ಕಲ್ಲಿದ್ದಲು ಉಳಿಯಬೇಕಿತ್ತು. ಅದಕ್ಕೆ ಒಂದು ಸುಳ್ಳು ಬೇಕಿತ್ತು. ಇಪ್ಪತ್ತೊಂದು ವರ್ಷದ ನಾನು ಕೇಳಿದ ತಕ್ಷಣ ಕೊಟ್ಟೆ.

ಇರಣ್ಣನ ಹೆಸರಿನ ಮುಂದೆ ‘ಕೆಲಸ ಬಿಟ್ಟು ಪರಾರಿ’ ಎಂದು ಬರೆದರು. ಅವನ ಹೆಂಡತಿ ವಿಜಯಮ್ಮ ಮೂರು ತಿಂಗಳ ಬಾಣಂತಿ. ಓಡಿಹೋದವನ ಹೆಂಡತಿಗೆ ಕಲ್ಲಿದ್ದಲು ಯಾಕೆ ಎಂದು ನಮ್ಮ ಲೈನು ಮರುದಿನವೇ ಬುಟ್ಟಿ ನಿಲ್ಲಿಸಿತು. ಮಗು ತಣ್ಣೀರಿನಲ್ಲಿ ಮಿಂದು ಕಿರುಚುವುದು ನಲವತ್ತು ಮನೆಗೂ ಕೇಳುತ್ತಿತ್ತು. ಸರದಿ ನಮ್ಮ ಮನೆಯದಿತ್ತು, ನಾನೂ ಕಳಿಸಲಿಲ್ಲ. ಕಳಿಸಿದರೆ ಅನುಮಾನ ಬರುತ್ತದೆ ಎಂಬ ಭಯ. ಎಂಟನೇ ದಿನ ಕಂಪನಿಯವರು ಅವಳ ಪಾತ್ರೆ ಪಡಗ ಹೊರಗೆ ಹಾಕಿಸಿದರು. ಹೋಗುವ ಮುಂಚೆ ನನ್ನ ಬಾಗಿಲಿಗೆ ಬಂದು ಕೇಳಿದಳು. “ಅವ್ರು ಬಿಲ್ಲಿ ಹಾಕಿದ್ದು ನೀವು ಕಣ್ಣಾರೆ ನೋಡೀರೇನ್ರಿ, ಅಣ್ಣಾರ?” “ನೋಡೀನಿ ತಂಗಿ” ಅಂದೆ. ಈ ಸವಿನೆನಪನ್ನು ಯಾವ ಗಾಜಿನ ಹಿಂದೆ ಇಡುತ್ತೀರಿ, ನಿರ್ದೇಶಕರೇ?

ಹೋದ ತಿಂಗಳು ಶುಗರ್ ಲ್ಯಾಂಡ್‌ನಲ್ಲಿ ನೀವೇ ಏರ್ಪಡಿಸಿದ ಹಳಬರ ಕೂಟಕ್ಕೆ ನನ್ನ ಮಗಳು ನಳಿನಿ ನನ್ನನ್ನು ಫ್ಲವರ್ ಮೌಂಡ್‌ನಿಂದ ಕರೆತಂದಳು. ಆಸ್ಟಿನ್‌ನಲ್ಲಿ ಎಂ.ಎಸ್. ಓದುವ ಒಬ್ಬ ಹುಡುಗಿ ಅಲ್ಲಿಗೆ ಬಂದಿದ್ದಳು. ಹೆಸರು ಅನಘಾ. ಆ ತಣ್ಣೀರಿನ ಮಗುವಿನ ಮಗಳು. ವಿಜಯಮ್ಮ ನಾಗಪುರದಲ್ಲಿ ಕಂಡವರ ಮನೆಯ ಅಡುಗೆ ಮಾಡಿ ಮಗನನ್ನು ಸಾಕಿದಳಂತೆ. ಸಾಯುವವರೆಗೂ ಕುಂಕುಮ ಅಳಿಸಲಿಲ್ಲವಂತೆ, ಗಂಡ ಎಲ್ಲೋ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದುಕೊಂಡು. ಅಜ್ಜನ ಹೆಸರನ್ನು ನಿಮ್ಮ ಕಚೇರಿಯ ಗೋಡೆಯ ಮೇಲೆ ಬರೆಸಿರುವ ಗಣಿಯ ಮೃತರ ಪಟ್ಟಿಗೆ ಸೇರಿಸಿ ಎಂದು ಅನಘಾ ನಿಮ್ಮನ್ನು ಕೇಳಿದಳು. ನೀವು ಟೀ ಕಪ್ಪು ಹಿಡಿದುಕೊಂಡೇ ನನ್ನ ಕಡೆ ತಿರುಗಿ ನಕ್ಕಿರಿ. “ಬಿಲ್ಲೆ ಬೋರ್ಡ್‌ನಲ್ಲೇ ಇದೆಯಲ್ಲ ಅಂಕಲ್, ಇನ್ನೇನು ಪ್ರೂಫ್ ಬೇಕು? ಫಿಫ್ಟಿ ಇಯರ್ಸ್ ಆಯ್ತು, ಬಿಟ್ಬಿಡೋಕೆ ಹೇಳಿ.” ಐವತ್ತು ವರ್ಷದ ಹಿಂದೆ ಮ್ಯಾನೇಜರು ಹೇಳಿದ್ದೂ ಅದೇ ಮಾತು. ಪರಂಪರೆಯನ್ನು ಚೆನ್ನಾಗಿ ಕಾಪಾಡಿದ್ದೀರಿ.

ನೀವು ಆಚೆ ಹೋದ ಮೇಲೆ ಹುಡುಗಿ ನನ್ನ ಪಕ್ಕ ಕೂತಳು. “ಅಜ್ಜಾ, ನಮ್ಮ ಅಜ್ಜ ಖರೇನ ಓಡಿ ಹೋಗಿದ್ರೇನ್ರಿ?” ಎಂದಳು. ನನಗೆ ಎಪ್ಪತ್ತೈದು ದಾಟಿದೆ. ಜೈಲಿಗೆ ಹಾಕುವವರು ಯಾರೂ ಉಳಿದಿಲ್ಲ. ಆದರೂ ನಾನು “ಗೊತ್ತಿಲ್ಲವ್ವ” ಅಂದೆ. ಭಯವಲ್ಲ, ರೂಢಿ. ಊಟಕ್ಕೆ ಬನ್ನಿ ಎಂದು ಕರೆದರು, ಅವಳೇ ನನಗೆ ತಟ್ಟೆ ಹಿಡಿದು ಹೋಳಿಗೆ ಹಾಕಿಕೊಟ್ಟಳು. ನಾನು ಎರಡು ತಿಂದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. 217ನೇ ಬಿಲ್ಲೆ ಬೋರ್ಡಿನಿಂದ ಇಳಿಯಬೇಕು, ಕೊಕ್ಕೆ ಖಾಲಿಯಿರಬೇಕು. ಇರಣ್ಣನ ಹೆಸರು ಮೃತರ ಪಟ್ಟಿಗೆ ಹೋಗಬೇಕು. ಅದರ ಕೆಳಗೆ ಬಿಲ್ಲೆ ತಗಲಿಸಿದವನ ಹೆಸರನ್ನೂ, ಗೋಡೆ ಕಟ್ಟಿಸಿದ ಕಂಪನಿಯ ಹೆಸರನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಬರೆಸಬೇಕು. ನಿಮ್ಮ ಲೀಗಲ್ ವಿಭಾಗ ಒಪ್ಪುವುದಿಲ್ಲ ಎಂದು ಗೊತ್ತು. ಬರುವ ಶನಿವಾರ ಹತ್ತು ಗಂಟೆಗೆ ನಾನೇ ನಿಮ್ಮ ಗಾಜಿನ ಮುಂದೆ ಬಂದು ನಿಲ್ಲುತ್ತೇನೆ. ತಗಲಿಸಿದವನೇ ತೆಗೆಯುವುದು ನ್ಯಾಯ.

ಆಸ್ಟಿನ್‌ವರೆಗೆ ನಳಿನಿ ಬಿಡುತ್ತಾಳೆ. ಅಲ್ಲಿಂದ ಹ್ಯೂಸ್ಟನ್‌ಗೆ ಅನಘಾ ತನ್ನ ಕಾರಿನಲ್ಲಿ ಕರೆದುಕೊಂಡು ಬರಲು ಒಪ್ಪಿದ್ದಾಳೆ. ಯಾಕೆಂದು ಅವಳು ಕೇಳಲಿಲ್ಲ, ಮುದುಕನಿಗೆ ಇನ್ನೊಮ್ಮೆ ಬೋರ್ಡು ನೋಡುವ ಆಸೆ ಎಂದುಕೊಂಡಿದ್ದಾಳೆ. ನಾಗಪುರದಲ್ಲಿ ಬೆಳೆದ ಹುಡುಗಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ದಾರಿಯಲ್ಲಿ ಈ ಪತ್ರವನ್ನು ನಾನೇ ಅವಳಿಗೆ ಓದಿ ಹೇಳಬೇಕು.

ಇಂತಿ,
ಎರಡು ಬಿಲ್ಲೆ ತಗಲಿಸಿ ಒಬ್ಬನೇ ಮೇಲೆ ಬಂದ
ಚನ್ನಬಸಪ್ಪ, ನಂ. 218
ಫ್ಲವರ್ ಮೌಂಡ್, ಟೆಕ್ಸಸ್