ಓಮಾ ಗುಂಪಿನ ಪದ

ಪ್ರೀತಿಯ ಪ್ರಸಿತ್ ಮೇಷ್ಟ್ರಿಗೆ,

ನಕೋನ್ ಸವನ್ ಆಸ್ಪತ್ರೆಯಿಂದ ನಿಮ್ಮ ವಿಪಾದಾಳ ನಮಸ್ಕಾರ. ಭಾನುವಾರದ ಸ್ಕ್ರ್ಯಾಬಲ್ ಪಂದ್ಯಕ್ಕೆ ನಾನು ಬರಲಾರೆ. ನನ್ನ ಜಾಗದಲ್ಲಿ ಸುಪಿಸ್ರಾಳನ್ನು ಆಡಿಸಿ.

ಅಪ್ಪನ ತಲೆನೋವಿಗೆ ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ನಮ್ಮ ಥಾಯ್ ಮಾತಿನ ನಡುವೆ ಒಂದೇ ಒಂದು ಇಂಗ್ಲಿಷ್ ಪದ ಹೇಳಿ, ಉಳಿದದ್ದನ್ನು ಅಮ್ಮ ಬಂದ ಮೇಲೆ ಹೇಳುತ್ತೇನೆ ಎಂದು ಹೊರಟುಹೋದರು. ಗ್ಲಯೋಮಾ. ಕೊನೆಯಲ್ಲಿ ಓ, ಎಮ್, ಎ ಬರುವ ಪದಗಳನ್ನೆಲ್ಲ ಒಟ್ಟಿಗೆ ಬಾಯಿಪಾಠ ಮಾಡಿಸಿದ್ದಿರಲ್ಲ, ಅದರಲ್ಲಿ ಇದೂ ಇತ್ತು. "ಅರ್ಥ ಕಟ್ಕೊಂಡು ನಿಂಗೇನಾಗ್ಬೇಕು? ಅಕ್ಷರದ ಬಿಲ್ಲೆ ಜೋಡ್ಸು ಸಾಕು" ಎನ್ನುತ್ತಿದ್ದಿರಿ. ನನಗೆ ಜೋಡಿಸುವುದಷ್ಟೇ ಗೊತ್ತು ಮೇಷ್ಟ್ರೇ.

"ಡಾಕ್ಟ್ರು ಅದೇನೋ ಅಂದ್ರಲ್ಲ, ನಿಂಗೊತ್ತಾ ಪುಟ್ಟಿ?" ಎಂದು ಅಪ್ಪ ಕೇಳಿದರು. ಗೊತ್ತು ಎಂದುಬಿಟ್ಟೆ. ಕೂಡಲೇ ಪಕ್ಕದ ಮಂಚದವರಿಗೆ, "ನೋಡಿದ್ರಾ? ನನ್ಮಗಳಿಗೆ ಡಾಕ್ಟ್ರ ಇಂಗ್ಲಿಷೂ ಬರತ್ತೆ!" ಎಂದರು.

ಫೋನಿನಲ್ಲಿ ಅರ್ಥ ಹುಡುಕಲು ಹೋಗಿ, ಪದವನ್ನು ಟೈಪ್ ಮಾಡಿ ಅಳಿಸಿಬಿಟ್ಟೆ. ನಿಮ್ಮನ್ನು ಬಾಯಿಬಿಟ್ಟು ಕೇಳಲೂ ಧೈರ್ಯವಿಲ್ಲ. ಅದಕ್ಕೇ ಚಿಕ್ಕಮ್ಮನ ಕೈಯಲ್ಲಿ ಈ ಪತ್ರ. ಅದೇ ಗುಂಪಿನ ಕಾರ್ಸಿನೋಮಾ ಎಂಬ ಪದ ಇಲ್ಲಿಯ ಕ್ಯಾನ್ಸರ್ ಭಿತ್ತಿಪತ್ರದ ಮೇಲಿದೆ. ಆದರೆ ಆ ಗುಂಪಿನಲ್ಲಿ ಅರೋಮಾ ಕೂಡ ಇತ್ತಲ್ಲವೆ? ಅದಕ್ಕೆ ಸುವಾಸನೆ ಅಂತ ಅರ್ಥವಂತೆ. ಇದೂ ಅಂಥದ್ದೇ ಏನಾದರೂ ಆಗಿದ್ದರೆ ಒಂದು ಫೋನ್ ಮಾಡಿ. ಅಲ್ಲದಿದ್ದರೆ ಫೋನ್ ಬೇಡ, ನೀವೇ ಬನ್ನಿ. ಅಮ್ಮ ಸಂಜೆ ನೂಡಲ್ಸ್ ಅಂಗಡಿ ಮುಚ್ಚಿ ಬರುವುದರೊಳಗೆ ಬನ್ನಿ.

ಆ ಪದಕ್ಕೆ ಸ್ಕ್ರ್ಯಾಬಲ್ ಆಟದಲ್ಲಿ ಎಷ್ಟು ಅಂಕ ಎಂದು ಅಪ್ಪ ಈಗಷ್ಟೇ ಕೇಳಿದರು. ಒಂಬತ್ತು ಎಂದೆ.

"ಅಷ್ಟೇನಾ? ಹಂಗಾದ್ರೆ ಸಣ್ಣ ಕಾಯ್ಲೆನೇ ಬಿಡು" ಎಂದು ನಕ್ಕು, ನೆಮ್ಮದಿಯಾಗಿ ನಿದ್ದೆ ಹೋದರು.

ನಿಮ್ಮ ದಾರಿ ಕಾಯುತ್ತಾ,
ವಿಪಾದಾ